ಹಗಲಿನಲ್ಲಿ ಕಂಡ ಮುಂಬಯಿ

ಮುಂಬಯಿಯಲ್ಲಿ ಐವತ್ತು ವರ್ಷ ಬಾಳಿದವರೊಬ್ಬರನ್ನು ಕರೆದು, "ಟೌನ್ ಹಾಲಿನ ಮೆಟ್ಟಿಲು ಹತ್ತಿದ್ದೀರಾ? ರಾಜಾಬಾಯಿ ಗೋಪುರವನ್ನು ನಿಂತು ನೋಡಿದ್ದೀರಾ?" ಎಂದು ಕೇಳಿದರೆ ಹೆಚ್ಚಿನವರು ತುಸು ಸಂಕೋಚದಿಂದಲೇ ಇಲ್ಲವೆನ್ನುವರು. ಊರಿನಿಂದ ನೆಂಟರು ಬಂದಾಗ ಅವರನ್ನು ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಲ್ಲಿಸಿ ಫೋಟೋ ತೆಗೆಸಿ, ಕಮಲಾ ನೆಹರೂ ಉದ್ಯಾನದ ಬೂಟಿನ ಮನೆಯನ್ನು ಮಕ್ಕಳಿಗೆ ತೋರಿಸಿ, ಚೌಪಾಟಿಯಲ್ಲಿ ಭೇಲ್‌ಪುರಿ ತಿನ್ನಿಸಿ ಮನೆಗೆ ಕರೆತಂದರೆ ಅಲ್ಲಿಗೆ ಮುಂಬಯಿ ದರ್ಶನ ಮುಗಿಯಿತು. ಸ್ವಂತಕ್ಕೆಂದು ಈ ನಗರವನ್ನು ನೋಡಲು ನಮಗೆ ಬಿಡುವೆಲ್ಲಿ?

ನನ್ನ ಮತ್ತು ನನ್ನ ಮೂವರು ಸಹಪಾಠಿಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ನಾವು ನಾಲ್ವರೂ ಫೋರ್ಟ್ ಭಾಗದ ಒಂದು ಕನ್ನಡ ರಾತ್ರಿ ಶಾಲೆಯ ವಿದ್ಯಾರ್ಥಿಗಳು. 1968ರ ಸುಮಾರಿಗೆ, ಮೀಸೆ ಮೂಡುವ ಮೊದಲೇ ಊರು ಬಿಟ್ಟು, ಘಟ್ಟ ಹತ್ತಿ, ಹುಬ್ಬಳ್ಳಿ ಪುಣೆಗಳ ಮಾರ್ಗವಾಗಿ ಬಸ್ಸಿನಲ್ಲಿ ಬಂದು ಹೋಟೆಲು ಕ್ಯಾಂಟೀನುಗಳನ್ನು ಸೇರಿದವರು. ಹಗಲೆಲ್ಲ ಟೇಬಲ್ ಒರೆಸಿ, ಲೋಟ ಬಟ್ಟಲು ತೊಳೆದು, ಸಂಜೆ ಆರೂವರೆಗೆ ಕೈ ಒರೆಸಿಕೊಂಡು ತರಗತಿಗೆ ಓಡುತ್ತಿದ್ದೆವು. ಒಂಬತ್ತೂವರೆಗೆ ಶಾಲೆ ಬಿಟ್ಟರೆ ಮತ್ತೆ ಹೋಟೆಲಿಗೆ. ಕನ್ನಡಿಗರ ಈ ರಾತ್ರಿ ಶಾಲೆಗಳ ಚರಿತ್ರೆ ದೊಡ್ಡದು. ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಷ್ಟು ಹಿಂದೆಯೇ ದುಡಿಯುವ ಹುಡುಗರಿಗಾಗಿ ಉಚಿತ ರಾತ್ರಿ ಶಾಲೆಯನ್ನು ತೆರೆಯಿತು. ಅನಂತರ ಬೇರೆ ಬೇರೆ ಸಂಘ ಸಂಸ್ಥೆಗಳು ಅದೇ ದಾರಿಯನ್ನು ಹಿಡಿದವು. ಇವಿಲ್ಲದಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಮಂದಿ ಗುಮಾಸ್ತರು, ವಕೀಲರು, ಹೋಟೆಲು ಮಾಲಕರು ಟೇಬಲ್ ಒರೆಸುತ್ತಲೇ ಮುದುಕರಾಗುತ್ತಿದ್ದರು. 1974ರಲ್ಲಿ ನಾವು ನಾಲ್ವರೂ ಎಸ್.ಎಸ್.ಸಿ. ಮುಗಿಸಿದೆವು. ಆ ಆರು ವರ್ಷಗಳಲ್ಲಿ ನಾವು ಕಂಡದ್ದು ಬೀದಿದೀಪದ ಮುಂಬಯಿಯನ್ನು ಮಾತ್ರ. ಹಗಲಿನ ನಗರವು ಹೋಟೆಲಿನ ಬಾಗಿಲಿನಷ್ಟೇ ಅಗಲವಾಗಿತ್ತು.

ಕಾಲಾನಂತರದಲ್ಲಿ ನಾನು ಬ್ಯಾಂಕು ಸೇರಿ ಸಾಂತಾಕ್ರೂಜ್ ಪೂರ್ವದಲ್ಲಿ ನೆಲೆಸಿದೆ. ಒಬ್ಬರು ಊರಿಗೆ ಮರಳಿ ಕುಂದಾಪುರದ ಹತ್ತಿರ ಶಾಲಾ ಮಾಸ್ತರರಾದರು. ಇನ್ನೊಬ್ಬರು ಛಾಪಖಾನೆಯಲ್ಲಿ ಮೊಳೆ ಜೋಡಿಸಲು ಕಲಿತು, ಡೊಂಬಿವಲಿಯಲ್ಲಿ ಸ್ವಂತ ಮುದ್ರಣಾಲಯವನ್ನು ನಡೆಸಿದರು. ನಾಲ್ಕನೆಯವರು ಪುಣೆಯಲ್ಲಿ ಹೋಟೆಲು ತೆರೆದು, ಮೂರು ದಶಕ ಸಾವಿರಾರು ಜನರಿಗೆ ಊಟ ಬಡಿಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ ನಿವೃತ್ತರಾಗಿದ್ದಾರೆ. ಮದುವೆ ಮುಂಜಿಗಳಲ್ಲಿ ಭೇಟಿಯಾದಾಗಲೆಲ್ಲ "ಒಮ್ಮೆ ನಾಲ್ವರೂ ಕೂಡಿ ಹಗಲು ಹೊತ್ತಿನಲ್ಲಿ ಫೋರ್ಟ್ ನೋಡಬೇಕು" ಎಂಬ ಮಾತು ಬರುತ್ತಿತ್ತು. ಎಪ್ಪತ್ತು ತುಂಬಿದ ಮೇಲೆ ಮಾತನ್ನು ಮುಂದೂಡುವುದು ಜಾಣತನವಲ್ಲವೆಂದು ಕಂಡು, ಕಳೆದ ಡಿಸೆಂಬರಿನ ಒಂದು ಭಾನುವಾರವನ್ನು ಗೊತ್ತುಮಾಡಿದೆವು.

ಮೂವರೂ ಹಿಂದಿನ ದಿನವೇ ನಮ್ಮ ಮನೆಗೆ ಬಂದಿಳಿದರು. ಸಾಂತಾಕ್ರೂಜ್ ಎಂಬುದು ಪವಿತ್ರ ಶಿಲುಬೆ ಎಂಬರ್ಥದ ಪೋರ್ಚುಗೀಸ್ ಹೆಸರಾದರೂ ನಮ್ಮವರಿಗೆ ಪರವೂರೆನಿಸುವ ಸ್ಥಳವಲ್ಲ. ಸ್ಟೇಷನ್ನಿನ ಬಳಿಯಲ್ಲೇ ಬಿಲ್ಲವ ಭವನ, ಪ್ರಭಾತ್ ಕಾಲೊನಿಯಲ್ಲಿ ಪೇಜಾವರ ಮಠ, ಕಲೀನಾದ ವಿದ್ಯಾನಗರಿಯಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ತರಕಾರಿ ಕೊಳ್ಳಲು ಹೋದರೆ ತುಳು ಮಾತು ಕಿವಿಗೆ ಬೀಳದೆ ಇರದು. ಮಾಸ್ತರರು ಊರಿನಿಂದ ಹಲಸಿನೆಲೆಯ ಕೊಟ್ಟೆಗಳನ್ನು ಕಟ್ಟಿಕೊಂಡು ತಂದಿದ್ದರು. ಕೊಂಕಣ ರೈಲು 1998ರಲ್ಲಿ ಆದ ಮೇಲೆ ಇಂಥ ಸುಖವೆಲ್ಲ ನಮಗೆ ಲಭ್ಯವಾಗಿದೆ. ನನ್ನಾಕೆ ನಸುಕಿನಲ್ಲೆದ್ದು ಆ ಕೊಟ್ಟೆಗಳಿಗೆ ಹಿಟ್ಟು ಹುಯ್ದು ಕಡುಬು ಬೇಯಿಸಿದಳು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ದಾಖಲಿಸಬೇಕು. ಪುಣೆಯ ಮಿತ್ರರು ತಿಂಡಿಯ ತಟ್ಟೆಯನ್ನು ಮುಟ್ಟಲಿಲ್ಲ. "ಬೆಳಗ್ಗೆ ಹಸಿವಿಲ್ಲ ಅತ್ತಿಗೆ, ಆಮೇಲೆ ನೋಡೋಣ" ಎಂದು ಅರ್ಧ ಲೋಟ ಚಹವನ್ನಷ್ಟೇ ಕುಡಿದರು. ನೀರನ್ನೂ ಕುಡಿಯಲಿಲ್ಲ. ಏಳರ ಗಾಡಿಯನ್ನು ಹಿಡಿಯುವ ಅವಸರದಲ್ಲಿದ್ದ ನಾವು ಅದನ್ನು ಗಮನಿಸಲಿಲ್ಲ, ನನ್ನಾಕೆ ಗಮನಿಸಿದ್ದಳು.

ಭೂಗತ ಮೆಟ್ರೋ 2025ರ ಅಕ್ಟೋಬರಿನಿಂದ ಕಫ್ ಪರೇಡಿನವರೆಗೂ ಓಡುತ್ತಿದೆ. ತಂಪಾಗಿ ಕುಳಿತು ಹೋಗಬಹುದೆಂದು ನಾನು ಸೂಚಿಸಿದೆ. "ನೆಲದಡಿಯಲ್ಲಿ ಹೋದರೆ ನೋಡುವುದೆಂತ ಮಾರಾಯ?" ಎಂದು ಮಾಸ್ತರರು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಹೀಗಾಗಿ ಚರ್ಚ್‌ಗೇಟಿನ ಸ್ಲೋ ಲೋಕಲನ್ನೇ ಹತ್ತಿದೆವು. ಭಾನುವಾರದ ಮುಂಜಾನೆಯಾದುದರಿಂದ ನಾಲ್ವರಿಗೂ ಕಿಟಕಿಯ ಪಕ್ಕದ ಜಾಗ ದೊರೆಯಿತು. ಮುಂಬಯಿಯಲ್ಲಿ ಇದೊಂದು ಸಾಮಾನ್ಯ ಭಾಗ್ಯವಲ್ಲ.

ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನು 2018ರಿಂದ ಪ್ರಭಾದೇವಿಯಾಗಿದೆ. ಅದನ್ನೂ ಲೋವರ್ ಪರೇಲನ್ನೂ ದಾಟುವಾಗ ಮುದ್ರಕ ಮಿತ್ರರು ಮಾತು ನಿಲ್ಲಿಸಿ ಹೊರಗೆ ನೋಡುತ್ತಿದ್ದರು. ಒಂದು ಕಾಲಕ್ಕೆ ಇಲ್ಲಿ ಗಿರಣಿಗಳ ಚಿಮಣಿಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಈಗ ಗಾಜಿನ ಗೋಪುರಗಳು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಬಹುಪಾಲು ಗಿರಣಿಗಳು ಮತ್ತೆ ಮೊದಲಿನಂತೆ ತಿರುಗಲಿಲ್ಲ. ಗಿರಣಿಯೊಡನೆ ಗಿರಣಿಯ ಕ್ಯಾಂಟೀನುಗಳೂ ಹೋದವು. ಈ ಮಿತ್ರರ ಅಣ್ಣ ಅಂಥದೊಂದು ಕ್ಯಾಂಟೀನಿನಲ್ಲಿದ್ದವರು, ಮರುವರ್ಷ ಊರಿಗೆ ಹೋದವರು ತಿರುಗಿ ಬರಲಿಲ್ಲ.

ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನದ ಅಂಚಿಗೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಹುಡುಗರು ಹತ್ತಾರು ಕಡೆ ಕ್ರಿಕೆಟ್ ಆಡುತ್ತಿದ್ದರು. ಈ ಮೈದಾನದ ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯಗಳ ಕಲ್ಲಿನ ಗಾಥಿಕ್ ಸೌಧಗಳು. ಪಶ್ಚಿಮಕ್ಕೆ 1930ರ ದಶಕದಲ್ಲಿ ಎದ್ದ ಆರ್ಟ್ ಡೆಕೊ ಶೈಲಿಯ ವಾಸದ ಕಟ್ಟಡಗಳು. ಎರಡು ಕಾಲಗಳು ಎದುರುಬದುರಾಗಿ ನಿಂತಿರುವ ಈ ನೋಟಕ್ಕೆ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ನಾವು ಇದೇ ಮೈದಾನವನ್ನು ಎಷ್ಟೋ ಸಲ ಕತ್ತಲಲ್ಲಿ ಅಡ್ಡ ದಾಟಿದವರು.

ರಾಜಾಬಾಯಿ ಗೋಪುರದ ಕಥೆಯನ್ನು ಮಾಸ್ತರರು ತರಗತಿಯ ಠೀವಿಯಲ್ಲಿಯೇ ಹೇಳಿದರು. ಹತ್ತಿಯ ವ್ಯಾಪಾರದಲ್ಲಿ ಅಪಾರ ಹಣ ಗಳಿಸಿದ ಪ್ರೇಮ್‌ಚಂದ್ ರಾಯ್‌ಚಂದ್ ತನ್ನ ತಾಯಿಯ ಹೆಸರಿನಲ್ಲಿ ಕೊಟ್ಟ ಕಾಣಿಕೆಯಿಂದ ನಿರ್ಮಿತವಾದ ಈ ಗಡಿಯಾರದ ಗೋಪುರ 1878ರಲ್ಲಿ ಪೂರ್ಣವಾಯಿತು. ಎತ್ತರ 280 ಅಡಿ. ತಾಯಿ ಕಣ್ಣು ಕಾಣದ ಜೈನ ಮಹಿಳೆ; ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಬೇಕಾದ ಆಕೆಗೆ ಈ ಗಂಟೆಯ ನಾದವೇ ಹೊತ್ತು ತಿಳಿಸುತ್ತಿತ್ತೆಂದು ಹೇಳುವುದುಂಟು. "ನಮಗೂ ಇದರ ಗಂಟೆಯೇ ಅಲ್ಲವಾ ಶಾಲೆಯ ಹೊತ್ತು ಹೇಳುತ್ತಿದ್ದದ್ದು?" ಎಂದರು ಪುಣೆಯ ಮಿತ್ರರು. ಅವರ ದನಿ ತುಸು ಒಣಗಿದಂತಿತ್ತು.

ಹುತಾತ್ಮ ಚೌಕವನ್ನು ದಾಟಿ ಹಾರ್ನಿಮನ್ ಸರ್ಕಲ್ಲಿಗೆ ಬರುವಷ್ಟರಲ್ಲಿ ಒಂದು ಜಗಳ ಹುಟ್ಟಿಕೊಂಡಿತು. ಪುಣೆಯ ಮಿತ್ರರು ದುಡಿಯುತ್ತಿದ್ದ ಹೋಟೆಲು ಯಾವ ಓಣಿಯಲ್ಲಿತ್ತು ಎಂಬುದು ವಿಷಯ. ಬಲಗಡೆಯದೆಂದು ನಾನು, ಎಡಗಡೆಯದೆಂದು ಅವರು. ಆ ಹೋಟೆಲು ಮುಚ್ಚಿ ಎಷ್ಟೋ ವರ್ಷವಾಗಿರುವುದರಿಂದ ತೀರ್ಪು ಕೊಡುವವರಾರೂ ಇರಲಿಲ್ಲ. ನಗುತ್ತಲೇ ಆರಂಭವಾದ ಮಾತಿನಲ್ಲಿ ಅವರು ಹಠಾತ್ತನೆ ಸಿಡುಕಿ, "ನಿನಗೇನು ಗೊತ್ತು? ನೀನು ಅಲ್ಲಿ ದುಡಿದಿದ್ದೀಯಾ?" ಎಂದು ಬೀದಿಯಲ್ಲೇ ಕೂಗಿದರು. ಮೊದಲಿನಿಂದಲೂ ಹಠಮಾರಿ, ಮುಪ್ಪಿನಲ್ಲಿ ಹಠ ಹೆಚ್ಚಿತೆಂದು ನಾವು ಸುಮ್ಮನಾದೆವು. ಆ ತಪ್ಪನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟೌನ್ ಹಾಲಿನ ಮೆಟ್ಟಿಲು ಮೂವತ್ತು. 1833ರಲ್ಲಿ ಪೂರ್ಣವಾದ ಈ ಬಿಳಿಯ ಭವ್ಯ ಸೌಧದಲ್ಲಿ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. ನಾವು ಹುಡುಗರಾಗಿದ್ದಾಗ ಈ ಮೆಟ್ಟಿಲುಗಳ ಮೇಲೆ, ಬೀದಿಯ ಬೆಳಕಿನಲ್ಲಿ, ಪರೀಕ್ಷೆಯ ಪಾಠಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ಹತ್ತು ಹನ್ನೆರಡು ಮೆಟ್ಟಿಲು ಹತ್ತಿರಬೇಕು, ಪುಣೆಯ ಮಿತ್ರರು ಕುಳಿತುಬಿಟ್ಟರು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಡಿಸೆಂಬರಿನ ತಂಗಾಳಿಯಲ್ಲಿ ಅಷ್ಟು ಬೆವರು! ಕೈ ಮುಟ್ಟಿದರೆ ತಣ್ಣಗೆ. ಹೆಸರು ಕೇಳಿದರೆ ತೊದಲು. ನಾನು ಹೃದಯಾಘಾತವೆಂದೇ ಭಾವಿಸಿದೆ. ಮುದ್ರಕ ಮಿತ್ರರು ಅಂಬ್ಯುಲೆನ್ಸಿಗಾಗಿ 108ಕ್ಕೆ ಫೋನು ಮಾಡತೊಡಗಿದರು. ಪಕ್ಕದಲ್ಲಿ ಹೋಗುತ್ತಿದ್ದ ಯುವಕನೊಬ್ಬ "ಬೆಳಗ್ಗೆಯೇ ಕುಡಿದಿದ್ದಾನೆ" ಎಂದು ಗೊಣಗಿದ್ದು ಕೇಳಿಸಿತು.

ಮಾಸ್ತರರು ಮಾತ್ರ ಧೈರ್ಯಗೆಡಲಿಲ್ಲ. ಅವರ ಪತ್ನಿ ಹದಿನೈದು ವರ್ಷ ಮಧುಮೇಹದಿಂದ ಬಳಲಿದವರು. ಕೆಳಗೆ ಬಗ್ಗಿ, "ನಿನಗೆ ಶುಗರ್ ಉಂಟಾ? ಮಾತ್ರೆ ತಕ್ಕೊಂಡಿದ್ದೀಯಾ?" ಎಂದು ಎರಡು ಸಲ ಗಟ್ಟಿಯಾಗಿ ಕೇಳಿದರು. ಅವರು ತಲೆಯಾಡಿಸಿದರು. ಐವತ್ತು ವರ್ಷದ ಗೆಳೆತನದಲ್ಲಿ ನಮಗೆ ಆ ಸಂಗತಿ ತಿಳಿದದ್ದು ಆ ಕ್ಷಣದಲ್ಲಿ!

ಭಾನುವಾರದ ಫೋರ್ಟ್ ಎಂದರೆ ಮುಚ್ಚಿದ ಬಾಗಿಲುಗಳ ಊರು. ಸಕ್ಕರೆಗೆ ಎಲ್ಲಿ ಹೋಗುವುದು? ಉದ್ಯಾನದ ಬೇಲಿಯ ಬಳಿ ಸೈಕಲ್ಲಿಗೆ ಚಹಾದ ಪಾತ್ರೆ ಕಟ್ಟಿಕೊಂಡು ನಿಂತಿದ್ದವನ ಬಳಿಗೆ ನಾನು ನನ್ನ ವಯಸ್ಸನ್ನು ಮರೆತು ಓಡಿದೆ. ಅವನ ಚಹಾ ಆಗಲೇ ಬೆರೆಸಿದ್ದು. ವಿಷಯ ತಿಳಿದೊಡನೆ ಅವನು ಸೈಕಲ್ಲನ್ನು ನನಗೊಪ್ಪಿಸಿ ಓಣಿಯೊಳಕ್ಕೆ ಓಡಿ, ಎರಡು ನಿಮಿಷದಲ್ಲಿ ವೃತ್ತಪತ್ರಿಕೆಯ ಚೂರಿನಲ್ಲಿ ಹಿಡಿ ಸಕ್ಕರೆಯನ್ನು ತಂದ. ಮಿತ್ರರಿಗೆ ಎಚ್ಚರವಿತ್ತು, ನುಂಗುವ ಶಕ್ತಿಯಿತ್ತು. ನಾಲ್ಕು ಚಮಚೆಯಷ್ಟನ್ನು ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆವರು ನಿಂತಿತು. ಕಾಲು ಗಂಟೆಗೆ ನಮ್ಮತ್ತ ನೋಡಿ, "ಹೋಟೆಲು ಎಡಗಡೆಯ ಓಣಿಯೇ" ಎಂದರು. ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಚಹಾದವನು ಸಕ್ಕರೆಗೆ ಹಣ ತೆಗೆದುಕೊಳ್ಳಲಿಲ್ಲ.

ಸಾಂತಾಕ್ರೂಜಿನ ನಮ್ಮ ಪರಿಚಿತ ವೈದ್ಯರಿಗೆ ಅಲ್ಲಿಂದಲೇ ಫೋನು ಮಾಡಿದೆ. ಈ ಸಂಚಿಕೆಯ ಓದುಗರಲ್ಲಿ ಮಧುಮೇಹವಿಲ್ಲದ ಮನೆ ವಿರಳವಾದುದರಿಂದ ಅವರು ತಿಳಿಸಿದ್ದನ್ನು ತುಸು ವಿವರವಾಗಿಯೇ ಬರೆಯುತ್ತೇನೆ. ರಕ್ತದ ಸಕ್ಕರೆ ಹೆಚ್ಚಾಗುವುದರ ಕೆಡುಕು ವರ್ಷಗಳಲ್ಲಿ ಕಾಣುತ್ತದೆ. ಕಡಿಮೆಯಾಗುವುದರ ಕೆಡುಕು ನಿಮಿಷಗಳಲ್ಲಿ. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಹಸಿವು ತೋರುತ್ತವೆ; ಇನ್ನೂ ಇಳಿದರೆ ಮೆದುಳಿಗೆ ಆಹಾರ ಸಾಲದೆ ಸಿಡುಕು, ತೊದಲು, ಗೊಂದಲ, ಕೊನೆಗೆ ಪ್ರಜ್ಞಾಹೀನತೆ. ನಾವು ಹಠವೆಂದು ತಿಳಿದದ್ದು ಆ ಸಿಡುಕನ್ನು. ಆಗ ತಡಮಾಡದೆ ಹದಿನೈದು ಗ್ರಾಮಿನಷ್ಟು ಗ್ಲೂಕೋಸನ್ನು ಅಥವಾ ಮೂರು ನಾಲ್ಕು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕೊಡಬೇಕು. ಹದಿನೈದು ನಿಮಿಷ ಕಾದು, ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಅನಂತರ ಊಟ ತಿಂಡಿಯನ್ನು ಮಾಡಿಸಬೇಕು. ಪೇಡಾ, ಚಾಕೊಲೇಟುಗಳು ಈ ಹೊತ್ತಿಗೆ ಒದಗುವುದಿಲ್ಲ. ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತವನ್ನು ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬಾರದು. ಅದು ಶ್ವಾಸನಾಳಕ್ಕಿಳಿದೀತು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಮಾತ್ರೆಗಳ ವಿಷಯವನ್ನೂ ಅವರು ವಿಚಾರಿಸಿದರು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಹೀಗಾಗುವುದು ಅಪರೂಪವಂತೆ. ನಮ್ಮ ಮಿತ್ರರು ಅದರ ಜೊತೆಗೆ ಗ್ಲಿಮೆಪಿರೈಡ್ ಸೇವಿಸುತ್ತಿದ್ದರು. ಈ ವರ್ಗದ ಮಾತ್ರೆ ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಇನ್ಸುಲಿನ್ನನ್ನು ಹೊರಡಿಸಿಯೇ ತೀರುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾಗಿದ್ದರಂತೂ, ಇದರ ಪ್ರಭಾವ ದೀರ್ಘ ಕಾಲ ಉಳಿದು ಚೇತರಿಸಿದವರ ಸಕ್ಕರೆ ಮತ್ತೆ ಇಳಿಯಬಹುದು. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಸೇವಿಸುವವರಲ್ಲಿ ನಡುಕ, ಎದೆಬಡಿತಗಳು ಮರೆಯಾಗಿ ಬೆವರೊಂದೇ ಸೂಚನೆಯಾಗಿ ಉಳಿಯುವುದೂ ಉಂಟು. ಕೂಡಲೇ ಅಳೆದು ನೋಡಿ, ಎರಡೆರಡು ಗಂಟೆಗೊಮ್ಮೆ ಪುನಃ ಅಳೆಯಿರಿ, ಇಳಿಮುಖ ಕಂಡರೆ ಆಸ್ಪತ್ರೆಗೆ ಹೋಗಿರಿ, ನಾಳೆಯೇ ತಮ್ಮ ವೈದ್ಯರನ್ನು ಕಂಡು ಈ ಮಾತ್ರೆಯನ್ನು ಮರುಪರಿಶೀಲಿಸಲು ಹೇಳಿರಿ ಎಂದು ವೈದ್ಯರು ತಾಕೀತು ಮಾಡಿದರು. ತೆರೆದಿದ್ದ ಔಷಧಿಯ ಅಂಗಡಿಯೊಂದನ್ನು ಹುಡುಕಿ ಅಳೆಯುವ ಯಂತ್ರವನ್ನು ಕೊಂಡೆವು. 92. ಪಕ್ಕದ ಉಡುಪಿ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ಉಪ್ಪಿಟ್ಟು. ಅವರು ತಟ್ಟೆಯನ್ನು ಖಾಲಿ ಮಾಡುವವರೆಗೆ ನಾವು ಮೂವರು ಕಾವಲಿಗೆಂಬಂತೆ ಕುಳಿತಿದ್ದೆವು.

ಎಲಿಫೆಂಟಾಕ್ಕೆ ಹೋಗುವ ಯೋಜನೆಯನ್ನು ಅಲ್ಲಿಯೇ ಕೈಬಿಟ್ಟೆವು. ಟ್ಯಾಕ್ಸಿಯಲ್ಲಿ ಗೇಟ್‌ವೇಗೆ ಬಂದು ಕಟ್ಟೆಯ ಮೇಲೆ ಕುಳಿತು ಸಮುದ್ರವನ್ನು ನೋಡಿದೆವು. 1924ರಲ್ಲಿ ಉದ್ಘಾಟನೆಯಾದ ಈ ಕಮಾನಿನ ಅಡಿಯಿಂದಲೇ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೇನಾ ತುಕಡಿ ನಿರ್ಗಮಿಸಿತು. ಇದನ್ನು ರೂಪಿಸಿದ ಜಾರ್ಜ್ ವಿಟೆಟ್ ಅವರೇ ಸಮೀಪದ ಮ್ಯೂಸಿಯಮ್ಮನ್ನೂ ರಚಿಸಿದವರು. ಅಲ್ಲಿಯೇ ನಾವು ಹೆಚ್ಚು ಹೊತ್ತು ಕಳೆದೆವು. ಪ್ರಿನ್ಸ್ ಆಫ್ ವೇಲ್ಸ್ ಹೆಸರಿನಲ್ಲಿ 1922ರಲ್ಲಿ ಜನರಿಗೆ ತೆರೆದು, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಹೊತ್ತಿರುವ ಈ ಸಂಗ್ರಹಾಲಯದ ಶಿಲ್ಪ, ಚಿತ್ರಗಳ ವರ್ಣನೆಗೆ ಇಲ್ಲಿ ಸ್ಥಳವಿಲ್ಲ. ಕುಳಿತುಕೊಳ್ಳಲು ಬೆಂಚುಗಳೂ ಶುಚಿಯಾದ ಶೌಚಾಲಯವೂ ಇದ್ದುವೆಂಬುದು ನಮ್ಮ ವಯಸ್ಸಿನವರಿಗೆ ಶಿಲ್ಪಗಳಷ್ಟೇ ಮುಖ್ಯ. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಪುಣೆಯ ಮಿತ್ರರು ಬೆಳಗ್ಗೆ ತಿಂಡಿ, ನೀರುಗಳನ್ನು ಬಿಟ್ಟದ್ದು ಅದೇ ಭಯದಿಂದ. ದಾರಿಯಲ್ಲಿ ಶೌಚಾಲಯ ಸಿಗದಿದ್ದರೆ ನಾಲ್ವರ ಮುಂದೆ ಫಜೀತಿಯಾದೀತೆಂದು ಹೊಟ್ಟೆಯನ್ನು ಖಾಲಿಯಿಟ್ಟುಕೊಂಡು, ಮಾತ್ರೆಯನ್ನು ಮಾತ್ರ ನಿಯಮದಂತೆ ಬಚ್ಚಲುಮನೆಯಲ್ಲಿ ಯಾರೂ ಕಾಣದ ಹಾಗೆ ನುಂಗಿದ್ದರು.

ಇದನ್ನು ಅವರು ಹೇಳಿದ್ದು ಮ್ಯೂಸಿಯಮ್ಮಿನ ಬೆಂಚಿನ ಮೇಲೆ. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಿದರು.

ರಾತ್ರಿ ಶಾಲೆಯಲ್ಲಿ ಅವರು ನನ್ನ ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದರು. ಎಂಟು ಗಂಟೆಯಾಯಿತೆಂದರೆ ತಲೆ ಬೆಂಚಿಗೆ ತಾಗುತ್ತಿತ್ತು. ಗಣಿತದ ಮಾಸ್ತರರು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಡೀ ತರಗತಿ ನಗುತ್ತಿತ್ತು, ನಾನೂ. "ಅದು ನಿದ್ದೆಯಲ್ಲ ಮಾರಾಯ. ನಮ್ಮ ಹೋಟೆಲಿನಲ್ಲಿ ಹುಡುಗರಿಗೆ ಊಟ ಹಾಕುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಸಂಜೆಯ ತಿಂಡಿಗೆ ಕಾದರೆ ಶಾಲೆಗೆ ತಡವಾಗುತ್ತಿತ್ತು. ಮಧ್ಯಾಹ್ನ ಒಂದರಿಂದ ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ" ಎಂದರು. ನಾನಿದ್ದ ಕ್ಯಾಂಟೀನಿನಲ್ಲಿ ಐದು ಗಂಟೆಗೆ ಉಳಿದ ತಿಂಡಿಯನ್ನು ಹುಡುಗರಿಗೆ ಹಂಚುತ್ತಿದ್ದರು. ಜೇಬಿನಲ್ಲಿ ಒಂದು ಬನ್ನನ್ನು ಇಟ್ಟುಕೊಂಡು ಬರುವುದು ನನಗೆ ಕಷ್ಟದ ಕೆಲಸವಾಗಿರಲಿಲ್ಲ. "ಆಗ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನೀವೆಲ್ಲ ನಗುತ್ತಿದ್ದಿರಿ. ನಿದ್ದೆಗೆ ನಗುವುದು ಅಡ್ಡಿಯಿಲ್ಲ; ಹಸಿವಿಗೆ ನಕ್ಕರೆ ತಡೆಯುತ್ತಿರಲಿಲ್ಲ" ಎಂದರು. ಯಾರೂ ಕೆಲವು ಹೊತ್ತು ಮಾತಾಡಲಿಲ್ಲ. ಮುದ್ರಕ ಮಿತ್ರರು ಎದ್ದು ಹೋಗಿ ಒಂದು ಬಾಟಲಿ ನೀರನ್ನು ತಂದು ಅವರ ಕೈಯಲ್ಲಿಟ್ಟರು.

ಮಧ್ಯಾಹ್ನ ಎರಡಕ್ಕೆ ಅಳೆದಾಗ 138, ಐದಕ್ಕೆ 151. ಅಷ್ಟರಲ್ಲಿ ನಾವು ಉಪನಗರಕ್ಕೆ ಮರಳಿ ಜುಹೂ ಕಡಲ ತೀರದಲ್ಲಿದ್ದೆವು. ಸಾಂತಾಕ್ರೂಜ್ ನಿವಾಸಿಗಳಿಗೆ ಇದು ಮನೆಯ ಹಿತ್ತಿಲಿದ್ದಂತೆ. ಆದರೆ ನಾನು ಇಲ್ಲಿ ಹೀಗೆ ಮರಳಿನ ಮೇಲೆ ಕುಳಿತು ಹತ್ತು ವರ್ಷವಾದರೂ ಆಗಿರಬೇಕು. ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದಾಗಿ ಏರುತ್ತಿದ್ದುವು. ಮಾಸ್ತರರು, "ಇನ್ನು ಯಾರದ್ದೆಲ್ಲ ಎಂತೆಲ್ಲ ಉಂಟು, ಈಗಲೇ ಹೇಳಿಬಿಡಿ" ಎಂದು ಹಾಜರಿ ಕರೆಯುವವರಂತೆ ಕೇಳಿದರು. ಅವರದೇ ಹೃದಯದಲ್ಲಿ ಎರಡು ಸ್ಟೆಂಟು! ಮುದ್ರಕ ಮಿತ್ರರಿಗೆ ಬಲಗಿವಿ ಪೂರಾ ಕೇಳಿಸುವುದಿಲ್ಲ. ರೈಲಿನಲ್ಲಿ ನಾನಾಡಿದ ಮಾತುಗಳಿಗೆಲ್ಲ ಅವರು ಅಂದಾಜಿನಿಂದ ತಲೆಯಾಡಿಸಿದ್ದರಂತೆ. ನನ್ನ ರಕ್ತದೊತ್ತಡದ ಸಂಗತಿಯನ್ನು ನಾನೂ ಒಪ್ಪಿಸಿದೆ. ಮಾತ್ರೆಗಳ ಹೆಸರು, ಪ್ರಮಾಣ, ಮನೆಯವರ ಫೋನು ನಂಬರುಗಳನ್ನು ನಾಲ್ಕು ಚೀಟಿಗಳಲ್ಲಿ ಬರೆದು, ಪ್ರತಿಯೊಬ್ಬರೂ ಉಳಿದ ಮೂವರದನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡು, ತಮ್ಮ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆವು. ಮಾಸ್ತರರ ಅಕ್ಷರ ಇಂದಿಗೂ ಮುತ್ತಿನಂತಿದೆ. ನಾಲ್ಕು ಚೀಟಿಗಳನ್ನೂ ಅವರೇ ಬರೆದರು.

ಮರುದಿನ ಬೆಳಗ್ಗೆ ಆರೂವರೆಗೆ ಪುಣೆಯ ಮಿತ್ರರು ಸ್ನಾನ ಮುಗಿಸಿ ನೇರವಾಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಮಾತ್ರೆಯ ಡಬ್ಬಿಯಿತ್ತು.

"ಅತ್ತಿಗೆ, ನಿನ್ನೆ ನಾನು ಬಿಟ್ಟುಹೋದ ಕಡುಬು ಉಳಿದುಂಟಾ?"

ನನ್ನಾಕೆ ಅದನ್ನು ತೆಗೆದಿಟ್ಟಿದ್ದಳು. ಎಲಿಫೆಂಟಾಕ್ಕೆ ಫೆಬ್ರವರಿಯ ಎರಡನೆಯ ಭಾನುವಾರವೆಂದು ನಿಶ್ಚಯವಾಗಿದೆ. ಮನೆ ಬಿಡುವುದು ಒಂಬತ್ತಕ್ಕೆ, ತಿಂಡಿಯಾದ ಮೇಲೆ.